ಒಂಬತ್ತನೇ ಮನೆಗೆ ಹೋದ ಹಾಡು

ತೋರ್ಕಿಲ್ ಬರೆದ ಹಾಡಿಲ್ಲದೆ ನಮ್ಮ ಸಾಲುಮನೆಗಳಲ್ಲಿ ಯಾರಿಗೂ ಎಪ್ಪತ್ತು ತುಂಬಿದ್ದಿಲ್ಲ. ಹುಟ್ಟುಹಬ್ಬವಿರಲಿ, ಮದುವೆಯ ಬೆಳ್ಳಿಹಬ್ಬವಿರಲಿ, ಮೊಮ್ಮಗುವಿನ ನಾಮಕರಣವಿರಲಿ, ಮನೆಯವರು ಕೇಕಿಗೆ ಹೇಳುವ ಮೊದಲು ತೋರ್ಕಿಲ್ ಅವರಿಗೆ ಹೇಳುತ್ತಿದ್ದರು. ಅವರು ಎಲ್ಲರ ಬಾಯಲ್ಲೂ ಇರುವ ಒಂದು ಹಳೆಯ ಧಾಟಿ ಹಿಡಿದು, ಆ ಮನೆಯವರ ಬದುಕನ್ನೆಲ್ಲ ಏಳೆಂಟು ಚರಣಕ್ಕೆ ಇಳಿಸಿ, ಹಾಳೆಗಳ ಮೇಲೆ ಅಚ್ಚು ಹಾಕಿ, ಒಬ್ಬೊಬ್ಬರ ತಟ್ಟೆಯ ಪಕ್ಕ ಒಂದೊಂದು ಇಡುತ್ತಿದ್ದರು. ಊಟದ ನಡುವೆ ಎಲ್ಲರೂ ಸೇರಿ ಹಾಡುವುದು, ನಗುವುದು, ಯಾರ ಹಾಡೋ ಅವರು ಕೆಂಪಗಾಗುವುದು. ಹಾಡಿನ ವಿಷಯ ಆ ಹೊತ್ತಿನವರೆಗೆ ಅವರಿಗೆ ತಿಳಿಯಬಾರದು ಎಂಬುದೊಂದೇ ನಿಯಮ.

ಅವರು ಓದಿದವರೇನಲ್ಲ. ನಮ್ಮ ದ್ವೀಪದಿಂದ ಎದುರು ದಡಕ್ಕೆ ವಾಹನ ದಾಟಿಸುವ ಫೆರಿಯಲ್ಲಿ ಹಗ್ಗ ಎಳೆಯುವ ಕೆಲಸಕ್ಕೆ ಸೇರಿ, ಕಡೆಗೆ ಅದನ್ನು ನಡೆಸುವವರಾಗಿ ನಿವೃತ್ತರಾದವರು. ದಿನವಿಡೀ ಹೋಗಿ ಬರುವ ಆ ಚಿಕ್ಕ ಹಾದಿಯಲ್ಲಿ ಎಂಜಿನ್ನಿನ ಸದ್ದೇ ಅವರಿಗೆ ತಾಳವಾಯಿತು. ಅವರ ಹೆಂಡತಿ ಲಿಸ್ ಆ ಪದ್ಯಗಳನ್ನು ಓದುತ್ತಿದ್ದಳು, ಕೈಯಲ್ಲಿ ಸೀಸದ ಕಡ್ಡಿ ಹಿಡಿದು. ಅವಳು ಗೀಟು ಹಾಕಿದರೆ ಆ ಚರಣ ಹೋಯಿತು ಎಂದೇ ಅರ್ಥ. ಹೀಗೊಂದು ಏರ್ಪಾಡು ಆದದ್ದಕ್ಕೂ ಕಾರಣವಿತ್ತು. ಬಹಳ ಹಿಂದೆ ಒಬ್ಬರ ಹುಟ್ಟುಹಬ್ಬಕ್ಕೆ, ಅವರು ಕಾರನ್ನು ಹಳ್ಳಕ್ಕೆ ಇಳಿಸಿದ್ದರ ಮೇಲೆ ತೋರ್ಕಿಲ್ ಒಂದು ತಮಾಷೆಯ ಚರಣ ಕಟ್ಟಿದ್ದರು. ಆ ಮನುಷ್ಯ ಗುಟ್ಟಾಗಿ ಕುಡಿಯುತ್ತಿದ್ದದ್ದು ಅವರಿಗೆ ತಿಳಿದಿರಲಿಲ್ಲ. ಎಲ್ಲರೂ ನಕ್ಕರು, ಆ ಮನೆಯಾಕೆ ಎದ್ದು ಅಡುಗೆಮನೆಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ಆವತ್ತಿನಿಂದ ಲಿಸ್ ಓದದ ಹಾಡು ಮನೆಯ ಹೊಸಿಲು ದಾಟಲಿಲ್ಲ.

ಲಿಸ್ ತೀರಿಕೊಂಡ ಮೇಲೆ ತೋರ್ಕಿಲ್ ನಮ್ಮ ಸಾಲುಮನೆಗೆ ಬಂದರು. ವಯಸ್ಸಾದವರೇ ಸೇರಿ ಕಟ್ಟಿಕೊಂಡ ಸಾಲು ಇದು. ಹುಲ್ಲು ಕತ್ತರಿಸುವ ಯಂತ್ರ ಎಲ್ಲರಿಗೂ ಒಂದೇ, ಬಟ್ಟೆ ಒಗೆಯುವ ಕೋಣೆ ಒಂದೇ, ವೈಫೈ ಕೂಡ ಒಂದೇ. ಅವರು ನಾಲ್ಕನೇ ಮನೆಯವರಾದರು. ಹಾಡು ಬರೆಯುವುದನ್ನು ಬಿಡಲಿಲ್ಲ. ಆದರೆ ಹಂಚುವ ಮುನ್ನ ಹಾಳೆ ಹಿಡಿದುಕೊಂಡು ಸಾಲಿನ ಉದ್ದಕ್ಕೂ ಓಡಾಡುವುದನ್ನು ನಾನು ನೋಡಿದ್ದೇನೆ. ಯಾರ ಬಾಗಿಲನ್ನೂ ತಟ್ಟುತ್ತಿರಲಿಲ್ಲ.

ಆ ಮೇ ತಿಂಗಳಲ್ಲಿ ಒಂಬತ್ತನೇ ಮನೆಯ ವಿಗ್ಗೊ ಮತ್ತು ಓಸೆ ಅವರ ಮದುವೆಗೆ ಐವತ್ತು ವರ್ಷ ತುಂಬಿತು. ಚಿನ್ನದ ಮದುವೆಯೆಂದರೆ ಹಿಂದಿನ ಸಂಜೆ ನೆರೆಯವರು ಬಾಗಿಲಿಗೆ ಸ್ಪ್ರೂಸ್ ಮರದ ಹಸಿರು ಕೊಂಬೆಗಳ ಕಮಾನು ಕಟ್ಟಬೇಕು. ಬೆಳಗ್ಗೆ ಆ ಕಮಾನಿನ ಮುಂದೆ ನಿಂತು ಕಹಳೆ ಊದಿ, ಹಾಡಿ ಗಂಡಹೆಂಡಿರನ್ನು ಎಬ್ಬಿಸಬೇಕು. ಗಂಡಹೆಂಡಿರು ಪರದೆ ಎಳೆದುಕೊಂಡು ಒಳಗಿದ್ದು, ಸುತ್ತಿಗೆಯ ಸದ್ದೆಲ್ಲ ಕೇಳಿಸಿಕೊಂಡರೂ ಏನೂ ತಿಳಿಯದವರ ಹಾಗೆ ಇರಬೇಕು. ಶನಿವಾರ ಬೆಳಗ್ಗೆ ಹಾಡು. ಶುಕ್ರವಾರ ಮಧ್ಯಾಹ್ನ ಹಾಳೆಗಳನ್ನು ಮಡಚಿ ಚಿನ್ನದ ಬಣ್ಣದ ದಾರ ಕಟ್ಟಿಕೊಡಲು ನಾನು ನಾಲ್ಕನೇ ಮನೆಗೆ ಹೋದೆ.

ತೋರ್ಕಿಲ್ ಅಡುಗೆಮನೆಯ ಮೇಜಿನ ಮುಂದೆ ಬೆವರುತ್ತ ಕೂತಿದ್ದರು. ಮೇಜಿನ ಮೇಲೆ ಅವರ ಹಳೆಯ ಕಂಪ್ಯೂಟರು, ಅದರ ಪಕ್ಕ ಹೊಸ ಇಂಕ್‌ಜೆಟ್ ಪ್ರಿಂಟರು.

"ಬಂದ್ಯಾ ಸಿಗ್ನೆ? ಕೂತ್ಕೊಳಮ್ಮ. ಅದನ್ನ ಮಾತ್ರ ಮುಟ್ಬೇಡ."

"ನಾನೆಲ್ಲಿ ಮುಟ್ಟಿದೆ?"

"ಅದರ ಮೇಲೆ ಉಸಿರೂ ಬಿಡ್ಬೇಡ. ಬೆಳಗ್ಗೆಯಿಂದ ಮುನಿಸ್ಕೊಂಡು ಕೂತಿದೆ."

ಆ ಕಂಪ್ಯೂಟರು ಎಂದೋ ಮೂಲೆಗೆ ಸೇರಬೇಕಾದದ್ದು. ಪಕ್ಕದ ಊರಿನ ಪ್ರೆಬೆನ್, ಟೆಲಿಫೋನ್ ಕಂಬ ಹತ್ತಿಳಿದು ನಿವೃತ್ತನಾದವನು, ಗ್ರಂಥಾಲಯದಲ್ಲಿ ಶನಿವಾರ ಶನಿವಾರ ಒಂದು ಮೇಜು ಹಾಕಿಕೊಂಡು ಇಂಥ ಹಳೆಯ ಯಂತ್ರಗಳಿಗೆಲ್ಲ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿ ಜೀವ ಕೊಡುತ್ತಾನೆ. ತೋರ್ಕಿಲ್ ಅವರದ್ದಕ್ಕೂ ಅವನೇ ಹಾಕಿಕೊಟ್ಟಿದ್ದ. ಹಳೆಯ ಪ್ರಿಂಟರಿನ ಶಾಯಿ ಒಣಗಿ ಅದು ಸತ್ತಾಗ, ಯಾವುದನ್ನು ಕೊಳ್ಳಲಿ ಎಂದು ತೋರ್ಕಿಲ್ ಒಂಬತ್ತನೇ ಮನೆಯ ವಿಗ್ಗೊನನ್ನೇ ಕೇಳಿದ್ದರು. "ನಾವು ಹೋದ ವಾರ ತಂದದ್ದನ್ನೇ ತಗೋ, ಕಣ್ಣು ಮುಚ್ಚಿ ತಗೋ" ಎಂದಿದ್ದ ವಿಗ್ಗೊ. ಹಾಗೆ ಕಣ್ಣು ಮುಚ್ಚಿ ತಂದ ಪ್ರಿಂಟರು ಇದು.

ತನ್ನ ಮೈಮೇಲಿನ ಗುಂಡಿ ಒತ್ತಿದರೆ ಅದು ಬಣ್ಣದ ಪಟ್ಟೆಗಳ ಪರೀಕ್ಷೆಯ ಹಾಳೆಯನ್ನು ಚೆನ್ನಾಗಿಯೇ ಉಗುಳುತ್ತಿತ್ತು. ಕಂಪ್ಯೂಟರಿನಿಂದ ಹಾಡನ್ನು ಕಳಿಸಿದರೆ ಮಾತ್ರ ಸದ್ದಿಲ್ಲ. ಕಂಪ್ಯೂಟರು ಪ್ರಿಂಟರನ್ನು ತಾನೇ ಹುಡುಕಿಕೊಂಡಿತ್ತು, ಹೆಸರನ್ನೂ ತೋರಿಸುತ್ತಿತ್ತು. ಕಳಿಸಿದ್ದು ಮುದ್ರಣವಾಗಿದೆ ಎಂದೂ ಹೇಳುತ್ತಿತ್ತು. ತೋರ್ಕಿಲ್ ಮತ್ತೆ ಕಳಿಸುತ್ತಿದ್ದರು. ಮತ್ತೆ ಅದೇ.

"ಚರ್ಚಿನ ಕಚೇರೀಲಿ ಮಾಡಿಸಬಹುದಲ್ಲ?" ಎಂದೆ.

"ಮಧ್ಯಾಹ್ನಕ್ಕೇ ಬೀಗ ಹಾಕ್ತಾರೆ ಶುಕ್ರವಾರ. ಗ್ರಂಥಾಲಯವೂ ಮುಚ್ಚಿದೆ. ಬಾಯಿಪಾಠ ಮಾಡ್ಸೋಕೆ ಇವರೇನು ಶಾಲೆ ಮಕ್ಕಳಾ? ಕನ್ನಡಕ ಹಾಕಿದ್ರೂ ಅರ್ಧ ಜನಕ್ಕೆ ಕಾಣಲ್ಲ."

ಪರದೆಯ ಮೇಲೆ ಹಾಡು ತೆರೆದೇ ಇತ್ತು. ನಾನು ಓದಿದೆ. ನಾಲ್ಕು ಚರಣ ಮುಂಬದಿಯಲ್ಲಿ. ವಿಗ್ಗೊ ಮತ್ತು ಓಸೆ ಸೈಕಲ್ಲಿನಲ್ಲಿ ಡಿಕ್ಕಿ ಹೊಡೆದು ಪರಿಚಯವಾದದ್ದು, ವಿಗ್ಗೊ ಉಪ್ಪಿನ ಡಬ್ಬಿಗೂ ಚೀಟಿ ಅಂಟಿಸುವ ಮನುಷ್ಯನೆಂಬುದು, ಹೀಗೆ ನಗಿಸುವಂಥವೇ. ಹಾಳೆಯ ಹಿಂಬದಿಗೆಂದು ಇಟ್ಟ ಎರಡನೇ ಪುಟದ ತಲೆಯಲ್ಲಿ ಐದನೆಯದು:

ಹಳದಿ ಕೋಟಿನ ಪುಟ್ಟ ಕಪ್ತಾನ ಮಲೇನೆ,
ಹಗ್ಗ ಬಿಚ್ಚಿ ಕೂಗುವಳು, "ಹೊರಟೆವು ತಾನೆ?"
ಆ ಬೇಸಿಗೆಯಿಡೀ ಅವಳದೇ ದೋಣಿ,
ಈ ದಡ ಆ ದಡ ಅವಳದೇ ಓಣಿ.

ನಾನು ತಲೆ ಎತ್ತಿದಾಗ ತೋರ್ಕಿಲ್ ನನ್ನ ಮುಖವನ್ನೇ ನೋಡುತ್ತಿದ್ದರು.

ನಮ್ಮ ಸಾಲಿನಲ್ಲಿ ಹೆಚ್ಚಿನವರಿಗೆ ವಿಗ್ಗೊ ಮತ್ತು ಓಸೆಗೆ ಇಬ್ಬರು ಗಂಡುಮಕ್ಕಳು ಎಂದಷ್ಟೇ ಗೊತ್ತು. ಅವರಿಗಿಂತ ಮೊದಲು ಒಬ್ಬಳು ಮಗಳಿದ್ದಳು, ಮಲೇನೆ. ಐದನೇ ವರ್ಷದಲ್ಲಿ, ಒಂದು ಚಳಿಗಾಲ, ಮೆದುಳಿಗೇರಿದ ಜ್ವರದಿಂದ ಹೋದಳು. ಅವಳನ್ನು ಆಸ್ಪತ್ರೆಗೆ ಒಯ್ಯುವ ಆಂಬುಲೆನ್ಸನ್ನು ದಾಟಿಸಿದ್ದು ತೋರ್ಕಿಲ್ ಇದ್ದ ಫೆರಿಯೇ. ಅದಕ್ಕೂ ಹಿಂದಿನ ಬೇಸಿಗೆಯಲ್ಲಿ, ಓಸೆ ಬಂದರಿನ ಪಕ್ಕದ ಮೀನಿನ ಶೆಡ್ಡಿನಲ್ಲಿ ದುಡಿಯುವಾಗ, ಆ ಮಗು ಟಿಕೆಟ್ಟಿಲ್ಲದೆ ಇಡೀ ದಿನ ಫೆರಿಯಲ್ಲೇ ಹೋಗಿ ಬಂದು ಮಾಡುತ್ತಿತ್ತಂತೆ. ನಲವತ್ತು ವರ್ಷದ ಮೇಲಾಯಿತು. ಅವಳ ಹೆಸರನ್ನು ಆ ಗಂಡಹೆಂಡಿರ ಮುಂದೆ ಯಾರೂ ಎತ್ತುವುದಿಲ್ಲ, ಅವರೂ ಎತ್ತುವುದಿಲ್ಲ.

"ಹಾಕ್ಲಾ, ಬೇಡ್ವಾ? ಒಂದು ಮಾತು ಹೇಳು" ಎಂದರು ತೋರ್ಕಿಲ್. "ಹಾಕಿದ್ರೆ ಹಬ್ಬದ ದಿನ ಆ ತಾಯಿ ಕರುಳಿಗೆ ಕೈ ಹಾಕಿದ ಹಾಗಾಗುತ್ತೇನೋ. ಬಿಟ್ರೆ, ಐವತ್ತು ವರ್ಷದ ಕಥೆಯಲ್ಲಿ ಅವಳು ಹುಟ್ಟೇ ಇಲ್ಲ ಅಂದ ಹಾಗಾಗುತ್ತೆ. ಎರಡು ಥರ ಬರೆದಿಟ್ಟಿದೀನಿ. ಇದು ಎಂಟು ಚರಣದ್ದು, ಇನ್ನೊಂದು ಏಳರದ್ದು."

"ನನಗೆ ತಿಳಿಯೋದಿಲ್ಲ ತೋರ್ಕಿಲ್."

"ಲಿಸ್ ಇದ್ದಿದ್ರೆ ಒಂದು ಗೀಟು ಎಳೆದು ಕಾಫಿಗಿಡ್ತಿದ್ಳು."

ನಾನು ಚರ್ಚಿನ ಅಂಗಳದ ಸಮಾಧಿಗಳಿಗೆ ಹೂ ನೆಡುವವಳು. ಅಲ್ಲಿ ಉತ್ತರದ ಗೋಡೆಯ ಹತ್ತಿರ ಒಂದು ಪುಟ್ಟ ಕಲ್ಲಿದೆ. ಯಾರು ಬರುತ್ತಾರೆ, ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ನನಗೆ ಗೊತ್ತು. ಆದರೆ ಅಲ್ಲಿ ಕಂಡದ್ದನ್ನು ಗೇಟಿನಾಚೆ ಒಯ್ಯಬಾರದೆಂದು ನಾನು ದೇವರ ಮುಂದೆ ಅಂದುಕೊಂಡಿದ್ದೇನೆ. ದಾರದ ಉಂಡೆ ಬಿಚ್ಚತೊಡಗಿದೆ.

ತೋರ್ಕಿಲ್ ಕನ್ನಡಕ ಒರೆಸಿಕೊಂಡರು. "ಬೇಡ" ಎಂದರು ಕಡೆಗೆ. "ನನ್ನ ನಾಲಿಗೆ ಒಂದು ಸಲ ಒಂದು ಮನೆ ಸುಟ್ಟಿದೆ, ಸಾಕು. ಏಳು ಚರಣದ್ದೇ ಹಾಡೋಣ. ಮೊದಲು ಈ ಶನಿ ಬಾಯಿ ಬಿಡ್ಲಿ." ಹಾಗೆನ್ನುತ್ತಲೇ, ಅದು ಬಾಯಿ ಬಿಡುತ್ತದೋ ನೋಡೋಣವೆಂದು, ಪರದೆಯ ಮೇಲಿದ್ದ ಎಂಟು ಚರಣದ್ದನ್ನೇ ಇನ್ನೊಮ್ಮೆ ಕಳಿಸಿದರು. ಮುದ್ರಣವಾಗಿದೆ ಎಂದಿತು ಕಂಪ್ಯೂಟರು. ಪ್ರಿಂಟರಿನ ನಾಲಿಗೆ ಬರಿದಾಗಿಯೇ ಇತ್ತು.

ಪ್ರೆಬೆನ್‌ಗೆ ಫೋನು ಮಾಡಿದರು. ಅವನ ಗಂಟಲು ದೊಡ್ಡದು; ಫೋನನ್ನು ಮೇಜಿನ ಮೇಲಿಟ್ಟರೂ ಮನೆಯೆಲ್ಲ ಕೇಳಿಸುತ್ತದೆ.

"ಏನಪ್ಪಾ ಕಪ್ತಾನ, ಹಡಗು ಮುಳುಗ್ತಾ?"

"ತಮಾಷೆ ಆಮೇಲೆ ಮಾಡು ಮಾರಾಯ. ಪ್ರಿಂಟ್ ಆಯ್ತು ಅಂತ ತೋರಿಸ್ತಿದೆ, ಹಾಳೆ ಬರ್ತಿಲ್ಲ."

"ಆಯ್ತು ಅಂತ ತೋರಿಸಿದ್ರೆ ಆಗಿದೆ."

"ಆಗಿಲ್ಲ ಕಣೋ! ನನ್ನ ಕಣ್ಣೆದುರು ಖಾಲಿ ಕೂತಿದೆ."

"ಲಿನಕ್ಸ್ ಸುಳ್ಳು ಹೇಳಲ್ಲ ತೋರ್ಕಿಲ್. ನಿನ್ನ ಕಣ್ಣು ಬೇಕಾದ್ರೆ ಹೇಳಬಹುದು."

"ಶಾಯಿ ಕಟ್ಕೊಂಡಿದೆ ಅಂತ ಬೆಳಗ್ಗೆಯಿಂದ ಗುಂಡಿ ಒತ್ತಿ ಅದರ ಶಾಯಿ ಚಿಮ್ಮೋ ತಲೆ ತೊಳೆಸ್ತಾನೇ ಇದೀನಿ."

"ಅಯ್ಯೋ ಪುಣ್ಯಾತ್ಮ! ಪ್ರತಿ ಸಲ ತೊಳೆಸಿದಾಗ್ಲೂ ಶಾಯಿ ಕುಡಿಯುತ್ತೆ ಅದು. ಹೊಸದ್ರ ಜತೆ ಕೊಡೋದೇ ಅರ್ಧ ಡಬ್ಬಿ. ನಿಲ್ಸು ಮೊದ್ಲು. ಆ ಆಜ್ಞೆ ಬರೆಯೋ ಕಪ್ಪು ಪರದೆ ತೆಗಿ. ನಾನು ಹೇಳ್ದ ಹಾಗೆ ಬೆರಳಾಡ್ಸು."

ತೋರ್ಕಿಲ್ ಒಂದೇ ಬೆರಳಿನಿಂದ, ಒಂದೊಂದಾಗಿ ಅಕ್ಷರ ಒತ್ತಿದರು. ಹಗ್ಗ ಹಿಡಿದು ದಪ್ಪಗಾದ ಬೆರಳು. ಒಂದು ಒತ್ತಿದರೆ ಎರಡು ಬೀಳುತ್ತಿತ್ತು. ಅಳಿಸಿದರು, ಮತ್ತೆ ಒತ್ತಿದರು. ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಬಂದು ನಿಂತವು.

"ಓದು."

"ಪ್ರಿಂಟರಿನ ಹೆಸರು... ಹೌದು, ನಂದೇ, ಇದೇ ಮಾದರಿ. ಸಿದ್ಧವಾಗಿದೆ ಅಂತಿದೆ."

"ಕೆಳಗೆ ಓದು. ಸ್ಥಳ ಅಂತ ಇರುತ್ತೆ. ಯಾರೂ ತುಂಬಿಸಿರಲ್ಲ ಅದನ್ನ, ಆದ್ರೂ ನೋಡು."

"ತುಂಬಿಸಿದೆ" ಎಂದರು ತೋರ್ಕಿಲ್. "ಸ್ಥಳ: ಮನೆ ಒಂಬತ್ತು. ಹೊಲಿಗೆ ಕೋಣೆ."

ಅವರ ಬೆರಳು ಆ ಸಾಲಿನ ಮೇಲೇ ನಿಂತಿತು.

"ನಿಮ್ಮನೇಲಿ ಹೊಲಿಗೆ ಕೋಣೆ ಇದ್ಯಾ?" ಎಂದ ಪ್ರೆಬೆನ್.

"ನನ್ನ ಮನೆ ನಾಲ್ಕು" ಎಂದರು ತೋರ್ಕಿಲ್. ಪ್ರಿಂಟರಿಗೂ ವಿಳಾಸ ಬರೆಯುವ ಮನುಷ್ಯ ನಮ್ಮ ಸಾಲಿನಲ್ಲಿ ಒಬ್ಬನೇ.

"ನಿಂದರ ಮುಂದೆ ಒಂದು ನೀಲಿ ದೀಪ ಮಿಣುಕ್ತಾ ಇದ್ಯಾ?"

"ಇದೆ. ಕೆಲಸ ಮಾಡ್ತಿದೆ ಅಂದ್ಕೊಂಡೆ."

"ವೈಫೈ ಹುಡುಕ್ತಾ ಅಲೀತಿದೆ ಅದು. ಇನ್ನೂ ಸೇರೇ ಇಲ್ಲ. ನಿಮ್ಮ ಸಾಲಿಗೆಲ್ಲ ಒಂದೇ ವೈಫೈ ಅಲ್ವಾ? ಲಿನಕ್ಸ್ ಹುಡುಕ್ತು, ಅದೇ ಹೆಸರಿನದೊಂದು ಸಿಕ್ತು, ಅದನ್ನೇ ಹಿಡ್ಕೊಳ್ತು. ನೀನು ಕಳಿಸಿದ್ದೆಲ್ಲ ನಿಯತ್ತಾಗಿ ಅಲ್ಲಿ ಪ್ರಿಂಟ್ ಆಗಿದೆ. ನಾನು ಹೇಳ್ಲಿಲ್ವಾ, ಸುಳ್ಳು ಹೇಳಲ್ಲ ಅಂತ!" ಪ್ರೆಬೆನ್ ನಗಲು ಶುರುಮಾಡಿದ. ಈ ಕಡೆ ಯಾರೂ ನಗದಿದ್ದದ್ದು ಕೇಳಿ ನಿಲ್ಲಿಸಿದ. "ಯಾರ ಮನೆ ಅದು?"

"ನಾಳೆ ಯಾರ ಹಾಡೋ ಅವರದ್ದು."

"ಥೋ" ಎಂದ ಪ್ರೆಬೆನ್.

ತೋರ್ಕಿಲ್ ನನ್ನ ಕೈ ಹಿಡಿದರು. "ಸಿಗ್ನೆ, ಹೋಗಿ ನೋಡ್ಕೊಂಡು ಬಾ. ಓಸೆ ಇವತ್ತು ತಲೆಗೂದಲು ಮಾಡಿಸ್ಕೊಳ್ಳೋಕೆ ಹೋಗ್ತೀನಿ ಅಂದಿದ್ಳು. ಹಾಳೆಗಳು ಇನ್ನೂ ಅಲ್ಲೇ ಬಿದ್ದಿರಬಹುದು. ಏನಾದ್ರೂ ನೆವ ಹೇಳಿ ಒಳಗೆ ಹೋಗು. ದಮ್ಮಯ್ಯ."

ಸುಳ್ಳು ನೆವ ಹೇಳಲು ನನಗೆ ಬರುವುದಿಲ್ಲ. ಗುಂಡುಪಿನ್ನು ನಿಜವಾಗಿಯೂ ಬೇಕಾಗಿತ್ತು. ಕಮಾನಿಗೆ ದಾರ ಸಿಕ್ಕಿಸಲು. ಅದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತ ನಡೆದೆ. ಸಾಲಿನ ಕೊನೆಯಲ್ಲಿ ಗಂಡಸರು ಕೊಂಬೆಗಳನ್ನು ಗಾಡಿಯಿಂದ ಇಳಿಸುತ್ತಿದ್ದರು. ಒಂಬತ್ತನೇ ಮನೆಯ ಕಿಟಕಿಗಳಿಗೆ ಆಗಲೇ ಪರದೆ ಬಿದ್ದಿತ್ತು.

ವಿಗ್ಗೊ ಬಾಗಿಲು ತೆರೆದ. ಯಾವಾಗಲೂ ಬಾಗಿಲಲ್ಲೇ ಒಂದು ಕುಚೋದ್ಯ ಸಿದ್ಧವಿಟ್ಟುಕೊಂಡಿರುವ ಮನುಷ್ಯ ಆವತ್ತು ನನ್ನನ್ನು ಸುಮ್ಮನೆ ನೋಡಿದ.

"ಗುಂಡುಪಿನ್ನು ಇದ್ರೆ ಬೇಕಾಗಿತ್ತು ವಿಗ್ಗೊ."

"ಇದೆ." ಒಳಗೆ ಹೋದ. ನಾನು ಹಜಾರದಲ್ಲೇ ನಿಂತೆ. ಹೊಲಿಗೆ ಕೋಣೆಯ ಬಾಗಿಲು ಅರ್ಧ ಮುಚ್ಚಿತ್ತು. ಒಳಗೆ ದೀಪವಿತ್ತು. ಓಸೆಯ ಕೋಟು ಗೂಟದಲ್ಲೇ ಇತ್ತು, ಅವಳು ಎಲ್ಲಿಗೂ ಹೋಗಿರಲಿಲ್ಲ.

"ಯಾರದು?" ಒಳಗಿನಿಂದ ಅವಳ ದನಿ.

"ಸಿಗ್ನೆ. ಪಿನ್ನು ಬೇಕಂತೆ" ಎಂದ ವಿಗ್ಗೊ.

ಹಾಳೆ ಸರಿದ ಸದ್ದೊಂದು ಬಂತು, ಅಥವಾ ನನಗೆ ಹಾಗೆ ಕೇಳಿಸಿತು. ವಿಗ್ಗೊ 'ಗುಂಡುಪಿನ್ನು, ಸಣ್ಣವು' ಎಂದು ಚೀಟಿ ಅಂಟಿಸಿದ ಡಬ್ಬಿಯನ್ನು ನನ್ನ ಕೈಗಿಟ್ಟ. ಅವನ ಕಣ್ಣಂಚು ಕೆಂಪಗಿತ್ತು.

"ಬೇರೇನಾದ್ರೂ ಬೇಕಿತ್ತಾ?" ಎಂದ.

"ಇಲ್ಲಪ್ಪ" ಎಂದು ಬಂದುಬಿಟ್ಟೆ.

ನಾಲ್ಕನೇ ಮನೆಗೆ ಮರಳಿ ಕಂಡದ್ದನ್ನು ಕಂಡಂತೆ ಹೇಳಿದೆ. ತೋರ್ಕಿಲ್ ಕುರ್ಚಿ ಎಳೆದು ಕೂತರು. ಅಷ್ಟರಲ್ಲಿ ಅವರು ಪ್ರೆಬೆನ್ ಹೇಳಿದಂತೆ ಪ್ರಿಂಟರಿನ ಗುಂಡಿಯನ್ನು ಒತ್ತಿಹಿಡಿದು ವೈಫೈಗೆ ಸೇರಿಸಿದ್ದರು. ನೀಲಿ ದೀಪ ಮಿಣುಕುವುದನ್ನು ಬಿಟ್ಟು ನೆಟ್ಟಗೆ ಉರಿಯುತ್ತಿತ್ತು. ಪಟ್ಟಿಯಲ್ಲಿ ಈಗ ಒಂದೇ ಹೆಸರಿನ ಎರಡು ಪ್ರಿಂಟರುಗಳಿದ್ದವು. ಪ್ರೆಬೆನ್ ಬಿಡದೆ ಅವರ ಕೈಯಲ್ಲೇ ತುಂಬಿಸಿದ್ದ: ಸ್ಥಳ: ಮನೆ ನಾಲ್ಕು, ಅಡುಗೆಮನೆ. ಏಳು ಚರಣದ ಹಾಡು ಒಂದೊಂದಾಗಿ ಹೊರಬರುತ್ತಿತ್ತು. ಬೆಳಗ್ಗೆಯಿಂದ ಹಂಬಲಿಸಿದ ಆ ಸದ್ದು ಈಗ ಯಾರಿಗೂ ಬೇಡವಾಗಿತ್ತು.

ನಾನು ಮೊದಲ ಹಾಳೆಯನ್ನು ಮಡಚಲು ತೆಗೆದುಕೊಂಡೆ.

"ನಿಲ್ಲಮ್ಮ" ಎಂದರು. "ಮಡಚಬೇಡ. ಈಗ ಇದನ್ನ ಹಾಡೋದು ಹೇಗೆ? ಅವರು ಓದಿಬಿಟ್ಟಿದ್ದಾರೆ. ನಾಳೆ ಹಾಳೆ ತಿರುಗಿಸಿ ನೋಡ್ತಾರೆ, ಅವಳು ಇಲ್ಲ. ಇದ್ದವಳನ್ನ ನಾನೇ ಕೈಯಾರೆ ಎತ್ತಿ ಹೊರಗಿಟ್ಟ ಹಾಗಾಗಲ್ವಾ?"

"ಹಾಗಾದ್ರೆ ಎಂಟನ್ನೂ..."

"ಎಂಟನ್ನೂ ಹಾಡಿದ್ರೆ? ಓದಿ ಬಾಗಿಲು ಮುಚ್ಕೊಂಡು ಕೂತಿದಾಳೆ ಅಂತ ನೀನೇ ಹೇಳ್ದೆ. ಅವಳ ಕಣ್ಣಲ್ಲಿ ನೀರು ತರಿಸಿದ ಮೇಲೆ ಮತ್ತೆ ಅದನ್ನೇ ಅವಳ ಬಾಗಿಲಲ್ಲಿ ನಿಂತು ಕಹಳೆ ಊದಿ ಹೇಳೋದಾ?" ಎದ್ದು ಅಡುಗೆಮನೆಯ ಉದ್ದಕ್ಕೂ ನಡೆದರು, ತಿರುಗಿದರು, ನಡೆದರು. "ಹಾಡೇ ಬೇಡ ಅಂತ ಹೇಳಿಬಿಡ್ತೀನಿ. ಗಂಟಲು ನೋವು ಅಂತೀನಿ. ಇದೇ ಕಡೇದು ಸಿಗ್ನೆ, ಇನ್ನು ಮೇಲೆ ಪದ್ಯ ಬರೆಯಲ್ಲ ನಾನು."

ಹೊರಗೆ ಸುತ್ತಿಗೆಯ ಸದ್ದು ಶುರುವಾಯಿತು. ಕಮಾನಿನ ಮರದ ಚೌಕಟ್ಟು ಏಳುತ್ತಿತ್ತು. ಮಡಿಲಲ್ಲಿ ಕೈ ಜೋಡಿಸಿಕೊಂಡು, ಈ ಮೂವರನ್ನೂ ನೀನೇ ಕಾಯಪ್ಪ ಎಂದಷ್ಟೇ ಮನಸ್ಸಿನಲ್ಲಿ ಬೇಡಿದೆ. ಪ್ರಿಂಟರು ಹಾಡುಗಳನ್ನು ಉಗುಳುತ್ತಲೇ ಇತ್ತು.

ಹಿತ್ತಲ ಬಾಗಿಲನ್ನು ಯಾರೋ ತಟ್ಟಿದರು. ಓಸೆ. ಮನೆಯ ಚಪ್ಪಲಿಯಲ್ಲೇ ತೋಟ ದಾಟಿ ಬಂದಿದ್ದಳು, ಹುಲ್ಲಿನ ಒದ್ದೆ ಕಾಲುಚೀಲಕ್ಕೆ ಹತ್ತಿತ್ತು. ಎದೆಗೆ ಅವಚಿಕೊಂಡ ಹಾಳೆಗಳಿದ್ದವು.

"ಮುಂದಿನ ಬಾಗಿಲಿಂದ ಬರೋಕಾಗಲ್ಲ" ಎಂದಳು. "ಅಲ್ಲಿ ನನಗೆ ಕಾಣಬಾರದ್ದೇನೋ ನಡೀತಿದೆ."

ತೋರ್ಕಿಲ್ ಕುರ್ಚಿ ಸರಿಸಿದರು. ಅವಳು ಕೂರಲಿಲ್ಲ.

"ಓಸೆ, ನನ್ನಿಂದ ತಪ್ಪಾಯ್ತು. ಅದು ನಿನಗೆ ಬರಬಾರದಿತ್ತು. ನಾನು ಅದನ್ನ ತೆಗೆದುಬಿಟ್ಟಿದೀನಿ, ನೋಡು, ಇದರಲ್ಲಿ ಇಲ್ಲ..."

"ಕೋಟು ಹಳದಿ ಅಲ್ಲ" ಎಂದಳು ಓಸೆ.

"ಏನು?"

"ಅವಳ ಕೋಟು. ಹಳದಿ ಅಲ್ಲ ತೋರ್ಕಿಲ್, ಕೆಂಪು. ನಾನೇ ಹೊಲಿದದ್ದು, ನನ್ನ ಹಳೇ ಕೋಟು ಕತ್ತರಿಸಿ. ಹಳದಿದು ನನ್ನ ತಂಗಿ ಮಗಳದ್ದು. ನಿನಗೆ ಯಾವಾಗಲೂ ಬಣ್ಣ ಕಾಣಲ್ಲ ನೋಡು, ಲಿಸ್ ಹೇಳ್ತಾ ಇರ್ಲಿಲ್ವಾ?"

ತೋರ್ಕಿಲ್ ಅವಳ ಕೈಯ ಹಾಳೆಗಳತ್ತ ಬಗ್ಗಿ ಆ ಸಾಲನ್ನು ನೋಡಿದರು.

"ಅವಳು ಆ ದಡದಲ್ಲಿ ಇಳೀತಿದ್ಳಾ?" ಓಸೆ ಈಗ ಕೂತಳು. "ಇಳೀಬೇಡ ಅಂತ ಹೇಳಿ ಕಳಿಸ್ತಿದ್ದೆ ನಾನು. ಇಳಿಯಲ್ಲ ಅಂತಿದ್ಳು. ಸಂಜೆ ನೋಡಿದ್ರೆ ಕೆನ್ನೆ ತುಂಬ ಸಕ್ಕರೆ."

"ಇಳಿಸ್ತಿದ್ದೆ" ಎಂದರು ತೋರ್ಕಿಲ್, ತಪ್ಪೊಪ್ಪಿಕೊಳ್ಳುವವರ ಹಾಗೆ. "ಆ ಕಡೆ ಬೇಕರಿ ಇತ್ತಲ್ಲ. ದಾಲ್ಚಿನ್ನಿ ಬನ್ನು. ಕಪ್ತಾನನಿಗೆ ಸಂಬಳ ಬೇಡ್ವಾ ಅಂತ ಕೇಳ್ತಿದ್ಳು. ನಡುವಿನ ಸುರುಳಿ ಮೊದಲು ತಿಂದು, ಉಳಿದದ್ದನ್ನ ನನಗೆ ಕೊಡ್ತಿದ್ಳು."

"ನಡುವಿನದ್ದು ಮೊದಲು?"

"ನಡುವಿನದ್ದು ಮೊದಲು. ಬೆರಳು ಹಾಕಿ ಕಿತ್ತು."

ಓಸೆ ಹಾಳೆಗಳನ್ನು ಮೇಜಿನ ಮೇಲಿಟ್ಟಳು. "ಅದು ನನಗೆ ಗೊತ್ತೇ ಇರ್ಲಿಲ್ಲ" ಎಂದಳು. "ಅವಳದ್ದೆಲ್ಲ ನನಗೆ ಗೊತ್ತು ಅಂದ್ಕೊಂಡಿದ್ದೆ. ಹೊಸದಾಗಿ ಇನ್ನೇನೂ ಬರಲ್ಲ ಅಂದ್ಕೊಂಡಿದ್ದೆ." ಆಮೇಲೆ ಕಣ್ಣೊರೆಸಿಕೊಂಡು ಎದ್ದಳು. "ಕೆಂಪು ಅಂತ ಹಾಕು. ಐದನೇದು ಎಲ್ಲಿದೆಯೋ ಅಲ್ಲೇ ಇರ್ಲಿ. ವಿಗ್ಗೊ ಓದೋಕೆ ಆಗಲ್ಲ ಅಂತ ಹೇಳಿ ಎರಡು ಸಲ ಓದಿದಾನೆ."

ತೋರ್ಕಿಲ್ ಎಂಟು ಚರಣದ್ದನ್ನು ತೆರೆದು ಒಂದೇ ಬೆರಳಿನಿಂದ ಹಳದಿಯನ್ನು ಅಳಿಸಿ ಕೆಂಪು ಎಂದು ಬರೆದರು. ಧಾಟಿಗೆ ಸರಿಹೊಂದುತ್ತದೆಯೇ ಎಂದು ಬಾಯಲ್ಲೇ ಒಮ್ಮೆ ಗುನುಗಿ ನೋಡಿದರು, ಓಸೆಯೂ ತಲೆಯಾಡಿಸಿದಳು. ಕಳಿಸಿದರು. ಪ್ರಿಂಟರು ಒಂದು ಹಾಳೆ ಕೊಟ್ಟಿತು, ಎರಡು ಕೊಟ್ಟಿತು. ಮೂರನೆಯದರಲ್ಲಿ ಅಕ್ಷರಗಳು ಬೂದಿಯ ಬಣ್ಣಕ್ಕೆ ತಿರುಗಿದ್ದವು. ನಾಲ್ಕನೆಯದರಲ್ಲಿ ಮಲೇನೆಯ ಹೆಸರಿನ ಮೇಲೆ ಬಿಳಿಯ ಗೆರೆಗಳೆದ್ದಿದ್ದವು. ಆಮೇಲೆ ಬಂದದ್ದು ಬರೀ ಹಾಳೆ. ಬೆಳಗ್ಗೆಯಿಂದ ತಲೆ ತೊಳೆಸಿ ತೊಳೆಸಿ ಆ ಅರ್ಧ ಡಬ್ಬಿಯನ್ನೂ ಅದು ಕುಡಿದುಬಿಟ್ಟಿತ್ತು.

ತೋರ್ಕಿಲ್ ತಲೆಯ ಮೇಲೆ ಕೈ ಹೊತ್ತರು. ಅಂಗಡಿ ಮುಚ್ಚುವ ಹೊತ್ತು. ತೆರೆದಿದ್ದರೂ ಆ ಡಬ್ಬಿ ನಮ್ಮ ದ್ವೀಪದಲ್ಲಿ ಸಿಗುವುದಿಲ್ಲ.

ಓಸೆ ಆ ಬಿಳಿ ಗೆರೆಗಳನ್ನು ನೋಡಿದಳು. ತುಟಿಯಂಚಿನಲ್ಲಿ ಏನೋ ಮಿಸುಕಿತು.

"ನಮ್ಮ ಮನೆಗೆ ಕಳ್ಸು" ಎಂದಳು. "ದಾರಿ ಗೊತ್ತಿದೆಯಲ್ಲ ನಿನಗೆ."

"ಓಸೆ! ನಿಮ್ಮ ಹಾಡನ್ನ ನಿಮ್ಮ ಮನೇಲೇ..."

"ನಾವು ಪರದೆ ಹಾಕ್ಕೊಂಡು ಕೂತಿರ್ತೀವಪ್ಪ. ನಮಗೇನೂ ಗೊತ್ತಿಲ್ಲ." ಬಾಗಿಲಲ್ಲಿ ತಿರುಗಿ ನಿಂತಳು. "ಎಷ್ಟು ಜನ ಬರ್ತಾರೋ ನನಗೆ ಗೊತ್ತಿಲ್ಲ, ಕೇಳೋ ಹಾಗೂ ಇಲ್ಲ. ಆದ್ರೆ ಎರಡು ಜಾಸ್ತಿ ಹಾಕು."

ಅವಳು ಹೋದ ಮೇಲೆ ತೋರ್ಕಿಲ್ ಪಟ್ಟಿಯಲ್ಲಿದ್ದ ಎರಡು ಹೆಸರುಗಳನ್ನು ಕನ್ನಡಕ ಏರಿಸಿ, ಇಳಿಸಿ ನೋಡಿದರು. ಸ್ಥಳ ಓದಿ, ಖಚಿತ ಮಾಡಿಕೊಂಡು, ಒಂಬತ್ತನೇ ಮನೆಯ ಹೊಲಿಗೆ ಕೋಣೆಯ ಮೇಲೆ ಒತ್ತಿದರು. ಮುದ್ರಣವಾಗಿದೆ ಎಂದಿತು ಕಂಪ್ಯೂಟರು. ನಮಗೆ ಏನೂ ಕೇಳಿಸಲಿಲ್ಲ. ಕಾದೆವು. ಕಮಾನು ಕಟ್ಟುವವರ ನಗು ಕೇಳುತ್ತಿತ್ತು. ಯಾರೋ ಸುತ್ತಿಗೆ ಗುರಿ ತಪ್ಪಿ ಬೆರಳಿಗೆ ಹೊಡೆದುಕೊಂಡು ಬೈದುಕೊಂಡರು. ಹಾಳೆ ಸಿಕ್ಕಿಕೊಂಡಿದ್ದರೆ? ಅಲ್ಲಿಯೂ ಶಾಯಿ ಮುಗಿದಿದ್ದರೆ? ವಿಗ್ಗೊ ಮನಸ್ಸು ಬದಲಿಸಿದ್ದರೆ? ತೋರ್ಕಿಲ್ ಒಂದೊಂದೂ ಬಾಯಿಬಿಟ್ಟು ಕೇಳಿದರು.

ಬೆಳಕಿನ್ನೂ ಇರುವಾಗಲೇ ಹಿತ್ತಲ ಮೆಟ್ಟಿಲ ಮೇಲೆ ಏನೋ ಇಟ್ಟ ಸದ್ದಾಯಿತು. ನಾವು ಬಾಗಿಲು ತೆರೆಯುವಷ್ಟರಲ್ಲಿ ವಿಗ್ಗೊ ಬೆನ್ನು ಹಾಕಿ ತೋಟ ದಾಟುತ್ತಿದ್ದ, ಸೇಬಿನ ಗಿಡಗಳನ್ನು ನೋಡಲು ಬಂದವನ ಹಾಗೆ, ಕೈ ಹಿಂದೆ ಕಟ್ಟಿಕೊಂಡು. ಮೆಟ್ಟಿಲ ಮೇಲೆ ಟವೆಲಿನಲ್ಲಿ ಸುತ್ತಿದ ಕಟ್ಟು. ಅದಕ್ಕೂ ಒಂದು ಚೀಟಿ ಅಂಟಿಸಿದ್ದ: 'ಯಾರದ್ದೋ. ನೋಡಿಲ್ಲ.'

ಬೆಳಗ್ಗೆ ನಾವೆಲ್ಲ ಕಮಾನಿನ ಮುಂದೆ ನಿಂತೆವು. ಇಬ್ಬನಿಯಿತ್ತು, ಬಾವುಟ ಏರಿತ್ತು, ಕಹಳೆಯವನು ಎರಡು ಸಲ ತಪ್ಪು ಸ್ವರ ಊದಿದ. ಬಾಗಿಲು ತೆರೆಯಿತು. ವಿಗ್ಗೊ ರಾತ್ರಿಯ ನಿಲುವಂಗಿಯಲ್ಲಿ, ಓಸೆ ಕೆದರಿದ ಕೂದಲಲ್ಲಿ. "ಅಯ್ಯೋ, ಏನಿದೆಲ್ಲ!" ಎಂದು ವಿಗ್ಗೊ ಕೂಗಿದ್ದು ನಾಟಕದ ಪಾತ್ರಧಾರಿಗಿಂತ ಜೋರಾಗಿತ್ತು. ಅವರಿಬ್ಬರಿಗೂ ನಾನೇ ಒಂದೊಂದು ಹಾಳೆ ಕೊಟ್ಟೆ.

ಸೈಕಲ್ಲಿನ ಚರಣಕ್ಕೆ ಎಲ್ಲರೂ ನಕ್ಕರು, ಉಪ್ಪಿನ ಡಬ್ಬಿಗೆ ಇನ್ನೂ ಜೋರಾಗಿ. ತೋರ್ಕಿಲ್ ನನ್ನ ಪಕ್ಕದಲ್ಲಿದ್ದರು. ನಾಲ್ಕನೆಯದು ಮುಗಿಯುತ್ತ ಬಂದಂತೆ ಅವರ ದನಿ ಸಣ್ಣದಾಗಿ ನಿಂತೇಹೋಯಿತು. ಹಾಳೆ ತಿರುಗಿಸಬೇಕಿತ್ತು. ಹಿಂಬದಿ ಇದೆಯೆಂದೇ ಬಹಳ ಜನಕ್ಕೆ ತಿಳಿಯದೆ ಒಂದು ಕ್ಷಣ ತಡವರಿಸಿದರು. ಏನೂ ತಿಳಿಯದವಳಂತೆ ಇರಬೇಕಾದ ಓಸೆ ಎಲ್ಲರಿಗಿಂತ ಮೊದಲೇ ತಿರುಗಿಸಿದ್ದಳು, ಎಲ್ಲರಿಗಿಂತ ಮೊದಲೇ ಹಾಡೆತ್ತಿದಳು: ಕೆಂಪು ಕೋಟಿನ ಪುಟ್ಟ ಕಪ್ತಾನ ಮಲೇನೆ. ಹೆಸರು ಕೇಳಿ ಕೆಲವರು ಒಬ್ಬರ ಮುಖ ಒಬ್ಬರು ನೋಡಿದರು. ಆದರೆ ಧಾಟಿ ಗೊತ್ತಿದ್ದ ಬಾಯಿಗಳು ನಿಲ್ಲಲಿಲ್ಲ. ವಿಗ್ಗೊ ಹಾಡಲಿಲ್ಲ. ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಹೆಂಡತಿಯ ಬಾಯನ್ನೇ ನೋಡುತ್ತ ನಿಂತಿದ್ದ.

ಆಮೇಲೆ ಬನ್ನು, ಕಾಫಿ, ಕಹಿ ಬೇರು ನೆನೆಸಿದ ಮದ್ಯದ ಪುಟ್ಟ ಲೋಟಗಳು. ಮಲೇನೆ ಯಾರು ಎಂದು ಯಾರೋ ಕೇಳಿದ್ದಕ್ಕೆ ಓಸೆ ಕಮಾನಿನ ಕೆಳಗೇ ನಿಂತು ಹೇಳುತ್ತಿದ್ದಳು. ದಾಲ್ಚಿನ್ನಿ ಬನ್ನಿನ ನಡುವಿನ ಸುರುಳಿಯನ್ನು ಬೆರಳಲ್ಲಿ ಹೇಗೆ ಕೀಳುವುದೆಂದು ಕೈಯಲ್ಲಿ ಮಾಡಿ ತೋರಿಸುತ್ತಿದ್ದಳು.

ಮುಂದಿನ ವಾರ ಪ್ರೆಬೆನ್ ಫೋನು ಮಾಡಿದಾಗ ನಾನು ಅಲ್ಲೇ ಇದ್ದೆ. ಹೊಸ ಶಾಯಿಯ ಡಬ್ಬಿ ಬಂದಿತ್ತು.

"ಆ ಒಂಬತ್ತನೇ ಮನೆದನ್ನ ನಿನ್ನ ಪಟ್ಟಿಯಿಂದ ತೆಗೆದುಹಾಕೋಣ ಮಾರಾಯ" ಎಂದ ಪ್ರೆಬೆನ್. "ಇಲ್ದಿದ್ರೆ ಮತ್ತೆ ಅಲ್ಲಿಗೇ ಹೋಗುತ್ತೆ."

ತೋರ್ಕಿಲ್ ಪರದೆಯ ಮೇಲಿನ ಎರಡು ಹೆಸರುಗಳನ್ನು ನೋಡಿದರು.

"ಇರ್ಲಿ ಬಿಡು" ಎಂದರು. "ಲಿಸ್ ಹೋದ ಮೇಲೆ ನನ್ನ ಪದ್ಯ ತಿದ್ದೋರು ಯಾರಾದ್ರೂ ಬೇಕಲ್ಲ."